ಸ್ಟುಟ್‌ಗಾರ್ಟ್‌ನ ಮೊದಲ ಚಳಿಗಾಲ: ಓದು, ಅಡುಗೆ, ಮನೆ ನೆನಪು

ಜರ್ಮನಿಗೆ ಎಂಎಸ್ ಓದಲು ಹೊರಟವರಿಗೆ ನಮ್ಮ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟ್, ವರ್ಷದ ಖರ್ಚಿನ ದುಡ್ಡನ್ನು ಮೊದಲೇ ಇಡಬೇಕಾದ ಬ್ಲಾಕ್ಡ್ ಅಕೌಂಟ್, ವೀಸಾ ಅಪಾಯಿಂಟ್‌ಮೆಂಟ್ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಬಂದಿಳಿದ ಮೇಲೆ ದಿನ ಹೇಗೆ ಸಾಗುತ್ತದೆ, ಮನೆ ನೆನಪು ಯಾವ ಹೊತ್ತಿನಲ್ಲಿ ಕಾಡುತ್ತದೆ, ಅದಕ್ಕೆ ಮೊದಲೇ ಏನು ಮಾಡಿಟ್ಟುಕೊಳ್ಳಬೇಕು ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ ಫೈಹಿಂಗೆನ್ ಕ್ಯಾಂಪಸ್ಸಿನಲ್ಲಿ ಇನ್ಫೋಟೆಕ್ (ಮಾಹಿತಿ ತಂತ್ರಜ್ಞಾನ), ವೇಸ್ಟ್ (ವಾಯು, ತ್ಯಾಜ್ಯ, ಕೊಳಚೆ ನೀರಿನ ನಿರ್ವಹಣೆ), ಕೋಮಾಸ್ (ಗಣಕ ಮೆಕ್ಯಾನಿಕ್ಸ್) ಎಂಬಂಥ ಇಂಗ್ಲಿಷ್ ಮಾಧ್ಯಮದ ಕೋರ್ಸುಗಳಿವೆ. ಅವುಗಳಿಗೆ ಸೇರಿದ ನಮ್ಮ ಕಡೆಯ ಹುಡುಗ ಹುಡುಗಿಯರನ್ನು ನೋಡುತ್ತಾ ಬಂದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಮನೆ ನೆನಪು ವಿಮಾನ ಇಳಿದ ದಿನ ಬರುವುದಿಲ್ಲ. ಅದು ನವೆಂಬರ್‌ನಲ್ಲಿ ಬರುತ್ತದೆ, ಅದೂ ಹೊತ್ತು ಗೊತ್ತು ಮಾಡಿಕೊಂಡು ಬರುತ್ತದೆ. ಹಾಗಾಗಿಯೇ ಅದಕ್ಕೆ ತಯಾರಾಗಲು ಸಾಧ್ಯ.

ಅಕ್ಟೋಬರ್ ತಿಂಗಳು ಕಾಗದಪತ್ರದ ಓಡಾಟದಲ್ಲೇ ಮುಗಿದುಹೋಗುತ್ತದೆ. ಮನೆ ಸೇರಿದ ಎರಡು ವಾರದೊಳಗೆ ಬ್ಯುರ್ಗರ್‌ಬ್ಯೂರೋ ಎಂಬ ನಗರಾಡಳಿತದ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಇದನ್ನು ಆನ್‌ಮೆಲ್ಡುಂಗ್ ಅನ್ನುತ್ತಾರೆ. ಇದಕ್ಕೆ ಪಾಸ್‌ಪೋರ್ಟಿನ ಜೊತೆ, ಈ ವ್ಯಕ್ತಿ ನಮ್ಮಲ್ಲಿ ವಾಸಕ್ಕೆ ಬಂದಿದ್ದಾರೆ ಎಂದು ಮನೆ ಕೊಟ್ಟವರು ಸಹಿ ಮಾಡಿದ ಫಾರಂ ಬೇಕು. ಬಾಡಿಗೆ ಕರಾರುಪತ್ರ ಒಂದನ್ನೇ ತೋರಿಸಿದರೆ ವಾಪಸ್ ಕಳಿಸುತ್ತಾರೆ. ನೋಂದಣಿಯಾದ ಕೆಲವು ವಾರಕ್ಕೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಪಾರ್ಟ್‌ಟೈಂ ಕೆಲಸಕ್ಕೆ ಅದು ಬೇಕೇ ಬೇಕು. ಬ್ಲಾಕ್ಡ್ ಅಕೌಂಟ್‌ನಲ್ಲಿಟ್ಟ 11,904 ಯೂರೋ ತಿಂಗಳಿಗೆ 992ರಂತೆ ಕೈಗೆ ಬರಲು ಇಲ್ಲಿನ ಬ್ಯಾಂಕ್ ಖಾತೆ ತೆರೆಯಬೇಕು. ಅಷ್ಟರಲ್ಲಿ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕುವ ಹೊತ್ತಾಗಿರುತ್ತದೆ. ಅದನ್ನು ವೀಸಾ ಅವಧಿ ಮುಗಿಯುವುದರೊಳಗೆ ಹಾಕಿರಲೇಬೇಕು. ಕಾರ್ಡು ಕೈಗೆ ಬರುವ ತನಕ ಊರಿಗೆ ಟಿಕೆಟ್ ಮಾಡದಿರುವುದು ಒಳ್ಳೆಯದು.

ಈ ಗಡಿಬಿಡಿಯಲ್ಲಿ ನಮ್ಮವರಿಗೆ ವಿಶೇಷವಾಗಿ ಕೈಕೊಡುವುದು ಟಪಾಲು ಪೆಟ್ಟಿಗೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವವರು, ಇಲ್ಲವೇ ಅಲ್ಲಿ ಅಪ್ಪನ ಹೆಸರೋ ಊರ ಹೆಸರೋ ಇರುವವರು ಕರ್ನಾಟಕದಲ್ಲಿ ತುಂಬಾ ಜನ. ಪೆಟ್ಟಿಗೆಯ ಮೇಲೆ ಕರೆಯುವ ಹೆಸರನ್ನಷ್ಟೇ ಅಂಟಿಸಿರುತ್ತೀರಿ. ವಿಮೆಯ ಕಾರ್ಡು, ಬ್ಯಾಂಕಿನ ಪಿನ್, ತೆರಿಗೆ ಸಂಖ್ಯೆ ಬರುವುದು ಪಾಸ್‌ಪೋರ್ಟಿನ ಹೆಸರಿಗೆ. ಅಂಚೆಯವರು ಹೆಸರು ತಾಳೆ ನೋಡಿ, ಸಿಗದಿದ್ದರೆ ಕಾಗದವನ್ನು ಬಂದ ಕಡೆಗೇ ಕಳಿಸುತ್ತಾರೆ. ನಂಬರ್ ಸರಿ ಇದೆಯಲ್ಲ, ಪಕ್ಕದವರನ್ನು ಕೇಳಿ ಕೊಡುತ್ತಾರೆ ಎಂಬ ನಮ್ಮೂರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪಾಸ್‌ಪೋರ್ಟಿನ ಹೆಸರನ್ನು ಪೂರ್ತಿಯಾಗಿ ಬರೆದು ಮೊದಲ ದಿನವೇ ಅಂಟಿಸಿ. ಸರ್ಕಾರಿ ಕಚೇರಿಯ ಅಧಿಕೃತ ನೋಟಿಸಿನ ಹಳದಿ ಲಕೋಟೆ ಬಂದರೆ ಅದರ ಮೇಲೆ ಬರೆದ ತಾರೀಕು ನೋಡಿ. ಉತ್ತರ ಕೊಡುವ ಗಡುವು ಆ ದಿನದಿಂದಲೇ ಎಣಿಕೆಯಾಗುತ್ತದೆ. ಸಾರ್ವಜನಿಕ ಬಾನುಲಿ, ಟಿವಿ ಶುಲ್ಕದ ಕಾಗದವೂ ಬರುತ್ತದೆ, ತಿಂಗಳಿಗೆ 18.36 ಯೂರೋ. ಟಿವಿ ಇಲ್ಲ ಎಂದು ಕಸದ ಬುಟ್ಟಿಗೆ ಹಾಕುವಂತಿಲ್ಲ. ಅದು ಮನೆಗೊಂದು ಶುಲ್ಕ. ಒಂದೇ ಫ್ಲಾಟಿನಲ್ಲಿ ನಾಲ್ವರಿದ್ದರೆ ಒಬ್ಬರು ಕಟ್ಟಿ ಉಳಿದವರು ಹಂಚಿಕೊಳ್ಳಬಹುದು. ಉದ್ದ ಕಾರಿಡಾರಿಗೆ ಬಾಗಿಲು ತೆರೆಯುವ ಹಾಸ್ಟೆಲ್ ರೂಮಾದರೆ ಪ್ರತಿ ರೂಮೂ ಒಂದು ಮನೆಯೆಂದೇ ಲೆಕ್ಕ.

ಇಷ್ಟೆಲ್ಲ ಮಾಡುವಾಗ ಮನೆ ನೆನಪು ಹತ್ತಿರ ಸುಳಿಯುವುದಿಲ್ಲ. ಸರದಿ ನಿಲ್ಲಬೇಕು, ಫಾರಂ ತುಂಬಬೇಕು, ಚಾದರ, ಬಾಣಲೆ, ಜಾಕೆಟ್ ಕೊಳ್ಳಬೇಕು. ಪ್ರತಿ ಸಂಜೆ ಒಂದು ಕೆಲಸ ಮುಗಿದ ಸಮಾಧಾನ ಇರುತ್ತದೆ. ಅವೆಲ್ಲ ಮುಗಿದ ಮೇಲೆಯೇ ಕಷ್ಟ ಶುರು.

ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಶನಿವಾರ ಆರರ ಸುಮಾರಿಗೆ ಮುಳುಗಿದ ಸೂರ್ಯ ಭಾನುವಾರ ಐದಕ್ಕೇ ಮುಳುಗುತ್ತಾನೆ. ಡಿಸೆಂಬರ್ ಮೂರನೇ ವಾರದ ಹೊತ್ತಿಗೆ ಬೆಳಿಗ್ಗೆ ಎಂಟೂ ಕಾಲರವರೆಗೆ ಸೂರ್ಯ ಹುಟ್ಟುವುದಿಲ್ಲ, ಸಂಜೆ ನಾಲ್ಕೂವರೆಗೆ ಮುಳುಗುತ್ತಾನೆ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗಿಂತ ಹೆಚ್ಚಿರುತ್ತದೆ. ಸ್ಟುಟ್‌ಗಾರ್ಟ್‌ನಲ್ಲಿ ಎಂಟೂ ಕಾಲು ಗಂಟೆ. ಆ ಎಂಟು ಗಂಟೆಯೂ ಬಹಳ ದಿನ ಮೋಡ ಕವಿದೇ ಇರುತ್ತದೆ. ಕ್ಲಾಸ್ ಮುಗಿಸಿ ರೂಮಿಗೆ ಬಂದು, ದೀಪ ಹಾಕಿ, ಹಾಸಿಗೆ ಮೇಲೆ ಕೂತರೆ ಇನ್ನೂ ಐದು ಗಂಟೆ ಆಗಿರುತ್ತದೆ ಅಷ್ಟೇ. ಮಲಗುವ ತನಕ ಆರು ಗಂಟೆ ಕಾಲ ಕಳೆಯಬೇಕು. ಮನೆ ನೆನಪು ಒಳಗೆ ಬರುವ ಬಾಗಿಲು ಇದು.

ಆದ್ದರಿಂದ ಮೊದಲ ನಿಯಮ: ನವೆಂಬರ್‌ನಿಂದ ಫೆಬ್ರವರಿವರೆಗೆ ಕತ್ತಲಾಗುವ ಹೊತ್ತಿನಲ್ಲಿ, ಎಂದರೆ ಮೂರೂವರೆಯಿಂದ ಆರರವರೆಗೆ, ರೂಮಿನಲ್ಲಿ ಒಬ್ಬರೇ ಇರಬೇಡಿ. ಲೈಬ್ರರಿಯಲ್ಲಿ ಕೂತು ಆ ದಿನದ ಲೆಕ್ಕ ಬಿಡಿಸಿ, ಲ್ಯಾಬಿನ ಕೆಲಸ ಆ ಹೊತ್ತಿಗೆ ಇಟ್ಟುಕೊಳ್ಳಿ, ವಿಶ್ವವಿದ್ಯಾಲಯದ ಹೋಖ್‌ಶೂಲ್‌ಸ್ಪೋರ್ಟ್‌ನಲ್ಲಿ ಬ್ಯಾಡ್ಮಿಂಟನ್ನೋ ಈಜೋ ಸೇರಿ. ಈ ಕ್ರೀಡಾ ತರಗತಿಗಳ ನೋಂದಣಿ ಸೆಮಿಸ್ಟರ್ ಆರಂಭದಲ್ಲಿ ಗೊತ್ತಾದ ದಿನ, ಗೊತ್ತಾದ ಗಂಟೆಗೆ ತೆರೆಯುತ್ತದೆ. ಜನಪ್ರಿಯ ಆಟಗಳು ಬೇಗ ಭರ್ತಿಯಾಗುತ್ತವೆ. ನವೆಂಬರ್‌ನಲ್ಲಿ ಬೇಜಾರಾದಾಗ ಹುಡುಕಿದರೆ ಜಾಗ ಇರುವುದಿಲ್ಲ, ಅಕ್ಟೋಬರ್‌ನಲ್ಲೇ ಸೇರಿಕೊಂಡಿರಬೇಕು. ಎರಡನೆಯದು, ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಹೊರಗೆ ನಡೆಯುವುದು. ಫೈಹಿಂಗೆನ್ ಕ್ಯಾಂಪಸ್ಸಿನ ಅಂಚಿಗೇ ಕಾಡು ಇದೆ. ಮೋಡವಿದ್ದರೂ ಹೊರಗಿನ ಬೆಳಕು ಒಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಾಲು ಹೆಚ್ಚು. ಮನಸ್ಸಿಗೂ ನಿದ್ದೆಗೂ ಅದರಿಂದ ಆಗುವ ವ್ಯತ್ಯಾಸ ಒಂದೇ ವಾರದಲ್ಲಿ ಗೊತ್ತಾಗುತ್ತದೆ. ವಿಟಮಿನ್ ಡಿ ವಿಷಯ ಬೇರೆ. ಈ ಅಕ್ಷಾಂಶದಲ್ಲಿ ಚಳಿಗಾಲದ ಬಿಸಿಲಿನಿಂದ ಚರ್ಮ ಅದನ್ನು ತಯಾರಿಸಿಕೊಳ್ಳುವುದಿಲ್ಲ, ಕಂದು ಮೈಬಣ್ಣದವರಿಗಂತೂ ಬೇಸಿಗೆಯಲ್ಲೂ ಹೆಚ್ಚು ಹೊತ್ತು ಬೇಕು. ಊರಿನಿಂದ ತಂದ 60,000 ಯೂನಿಟ್‌ನ ಪುಡಿಯನ್ನು ಯಾರೋ ಹೇಳಿದರೆಂದು ವಾರವಾರ ನುಂಗಬೇಡಿ. ಇಲ್ಲಿ ಹೌಸ್‌ಆರ್ಟ್ಸ್ಟ್ ಎಂದು ಕರೆಯುವ ಫ್ಯಾಮಿಲಿ ಡಾಕ್ಟರ ಹತ್ತಿರ ಹೋಗಿ ಕೇಳಿ, ಬೇಕಾದಷ್ಟನ್ನೇ ತೆಗೆದುಕೊಳ್ಳಿ.

ಗಡಿಯಾರ ಹಿಂದೆ ಹೋದಾಗ ಇನ್ನೊಂದು ಪೆಟ್ಟೂ ಬೀಳುತ್ತದೆ. ಬೇಸಿಗೆಯಲ್ಲಿ ಊರಿಗೂ ಇಲ್ಲಿಗೂ ಮೂರೂವರೆ ಗಂಟೆ ಅಂತರ, ಚಳಿಗಾಲದಲ್ಲಿ ನಾಲ್ಕೂವರೆ. ಅಕ್ಟೋಬರ್‌ನಲ್ಲಿ ಸಂಜೆ ಆರಕ್ಕೆ ಫೋನ್ ಮಾಡುವ ರೂಢಿಯಾಗಿದ್ದರೆ ಊರಲ್ಲಿ ಆಗ ರಾತ್ರಿ ಒಂಬತ್ತೂವರೆ, ಊಟ ಮುಗಿಸಿ ಎಲ್ಲರೂ ಕೂತಿರುವ ಹೊತ್ತು. ನವೆಂಬರ್‌ನಲ್ಲಿ ಅದೇ ಆರು ಗಂಟೆಗೆ ಊರಲ್ಲಿ ಹತ್ತೂವರೆ. ಅಪ್ಪ ಮಲಗಿರುತ್ತಾರೆ, ಅಮ್ಮ ನಿದ್ದೆ ತಡೆದುಕೊಂಡು ಕೂತಿರುತ್ತಾರೆ, ಮಾತು ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ. ಮಗ ಬದಲಾದ ಅಂತ ಅವರಿಗೆ, ಅವರಿಗೆ ನನ್ನ ಹತ್ತಿರ ಮಾತಾಡಲು ಪುರಸೊತ್ತಿಲ್ಲ ಅಂತ ಇವನಿಗೆ. ಕಾರಣ ಗಡಿಯಾರ ಅಷ್ಟೇ. ಚಳಿಗಾಲಕ್ಕೆ ಫೋನಿನ ಹೊತ್ತು ಬದಲಿಸಿ: ಇಲ್ಲಿ ಮಧ್ಯಾಹ್ನ ಒಂದಾದರೆ ಊರಲ್ಲಿ ಐದೂವರೆ, ಕಾಫಿ ಹೊತ್ತು, ಮೂರೂವರೆಯಾದರೆ ಅಲ್ಲಿ ರಾತ್ರಿ ಎಂಟು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮಾಡಿದರೆ ಊರಲ್ಲಿ ಒಂದೂವರೆ, ಇಡೀ ಮನೆ ಊಟಕ್ಕೆ ಸೇರಿರುತ್ತದೆ. ದೊಡ್ಡ ಮಾತುಕತೆಗೆ ಅದೇ ಒಳ್ಳೆಯ ಹೊತ್ತು. ಭಾನುವಾರ ಇಲ್ಲಿ ಮಾಡಲು ಬೇರೇನೂ ಇರುವುದಿಲ್ಲ ಎಂಬುದೂ ನಿಜ.

ಫೋನಿನ ಬಗ್ಗೆ ಇನ್ನೂ ಎರಡು ಮಾತು. ವಿಡಿಯೋ ಕಾಲ್ ಹಚ್ಚಿಟ್ಟು, ಮನೆಯ ಸದ್ದು ಕೇಳಿಸಿಕೊಳ್ಳುತ್ತಾ ಗಂಟೆಗಟ್ಟಲೆ ರೂಮಿನಲ್ಲಿ ಇರುವವರಿದ್ದಾರೆ. ಮೊದಲ ಎರಡು ವಾರ ಅದು ಹಿತವೆನಿಸುತ್ತದೆ. ಆಮೇಲೆ ಪಕ್ಕದ ರೂಮಿನವರ ಪರಿಚಯವೂ ಆಗದೆ, ಮನೆಯಲ್ಲೂ ಇರದೆ, ಎರಡೂ ಕಡೆಯಿಂದ ತಪ್ಪಿಹೋಗುತ್ತಾರೆ. ದಿನಕ್ಕೆ ಇಪ್ಪತ್ತು ನಿಮಿಷ, ಇಬ್ಬರೂ ಕೂತು ಮಾತಾಡುವುದು ಮೇಲು. ಎರಡನೆಯದು ಇದಕ್ಕಿಂತ ಮುಖ್ಯ. ನಮ್ಮ ಮನೆಗಳಲ್ಲಿ ದೂರ ಇರುವ ಮಕ್ಕಳಿಗೆ ಕೆಟ್ಟ ಸುದ್ದಿ ಹೇಳುವುದಿಲ್ಲ. ಅಜ್ಜಿ ಆಸ್ಪತ್ರೆ ಸೇರಿದ್ದು ವಾಪಸ್ ಬಂದ ಮೇಲೆ ತಿಳಿಯುತ್ತದೆ. ಇದು ಒಮ್ಮೆ ಗೊತ್ತಾದರೆ ಸಾಕು, ಆಮೇಲೆ 'ಎಲ್ಲಾ ಚೆನ್ನಾಗಿದ್ದೀವಿ ಕಣೋ' ಎಂದರೂ ನಂಬಿಕೆ ಬರುವುದಿಲ್ಲ, ರಾತ್ರಿ ನಿದ್ದೆ ಹತ್ತುವುದಿಲ್ಲ. ಹೊರಡುವ ಮೊದಲೇ ಅಕ್ಕನೋ ತಮ್ಮನೋ ಚಿಕ್ಕಪ್ಪನೋ, ಯಾರಾದರೂ ಒಬ್ಬರ ಹತ್ತಿರ ಮಾತು ತೆಗೆದುಕೊಳ್ಳಿ: ಏನೇ ಆದರೂ ಅದೇ ದಿನ ನನಗೆ ಹೇಳಬೇಕು. ಈ ಕಡೆಯಿಂದ ನೀವೂ ಜ್ವರ ಬಂದಿದ್ದನ್ನು ಮುಚ್ಚಿಡಬೇಡಿ.

ಇನ್ನು ಅಡುಗೆ. ಮನೆ ನೆನಪಿಗೆ ಇದರಷ್ಟು ದೊಡ್ಡ ಔಷಧ ಇನ್ನೊಂದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮಧ್ಯಾಹ್ನದ ಊಟಕ್ಕೆ ಕ್ಯಾಂಪಸ್ಸಿನ ಮೆನ್ಸಾ ಇದೆ. ಸಸ್ಯಾಹಾರದ ಒಂದು ಊಟ ಅಲ್ಲಿ ಸಿಗುತ್ತದೆ, ವಿದ್ಯಾರ್ಥಿ ಕಾರ್ಡು ಇದ್ದರೆ ಅಗ್ಗ. ಒಂದು ಹೊತ್ತು ಅಲ್ಲಿ ತಿಂದು ಒಂದು ಹೊತ್ತು ಮಾಡಿಕೊಳ್ಳುವುದು ಸರಿಯಾದ ಲೆಕ್ಕ. ಎರಡು ಹೊತ್ತೂ ಬ್ರೆಡ್ಡಿನಲ್ಲಿ ಕಳೆದವರಿಗೆ ಮೂರನೇ ವಾರಕ್ಕೆ ಅನ್ನದ ಯೋಚನೆ ಬಿಟ್ಟರೆ ಬೇರೆ ಬರುವುದಿಲ್ಲ.

ಸ್ಟುಟ್‌ಗಾರ್ಟ್‌ನಲ್ಲಿ ಶ್ರೀಲಂಕಾ ತಮಿಳರ ಅಂಗಡಿಗಳಿವೆ. ಉತ್ತರ ಭಾರತದ ಸಾಮಾನಿನ ಅಂಗಡಿಗಿಂತ ನಮಗೆ ಇವೇ ಹತ್ತಿರ. ಹಸಿ ಕರಿಬೇವು, ನುಗ್ಗೆಕಾಯಿ, ತುರಿದು ಫ್ರೀಜ್ ಮಾಡಿದ ತೆಂಗಿನಕಾಯಿ, ಹುಣಸೆಹಣ್ಣು ಎಲ್ಲ ಅಲ್ಲಿ ಸಿಗುತ್ತವೆ. ರಾಗಿ ಹಿಟ್ಟು ಕೇಳುವಾಗ ಪೊಟ್ಟಣದ ಮೇಲೆ 'ಕುರಕ್ಕನ್' ಎಂದು ಇರುವುದನ್ನು ನೋಡಿ ತೆಗೆದುಕೊಳ್ಳಿ, ಅದೇ ರಾಗಿ. ಕರಾವಳಿಯವರಿಗೆ ಕುಚ್ಚಲಕ್ಕಿ ಬೇಕೆನಿಸಿದರೆ ಅಲ್ಲಿನ ಕೆಂಪು ಕುಸುಬಲಕ್ಕಿ ತೀರಾ ಹತ್ತಿರ ಬರುತ್ತದೆ. ಕರಿಬೇವು ಸಿಕ್ಕಾಗ ಹೆಚ್ಚಿಗೆ ತಂದು, ತೊಳೆದು ಒರೆಸಿ ಆರಿಸಿ, ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಫ್ರೀಜರಿನಿಂದ ನೇರ ಎಣ್ಣೆಗೆ ಹಾಕಬಹುದು, ಕರಗಲು ಬಿಟ್ಟರೆ ಕಪ್ಪಾಗುತ್ತದೆ.

ಮುದ್ದೆ ಇಲ್ಲಿ ಸರಿಯಾಗುವುದಿಲ್ಲ ಎಂಬ ದೂರು ಸಾಮಾನ್ಯ. ಹಿಟ್ಟಿನ ತಪ್ಪಲ್ಲ, ಒಲೆಯದ್ದು. ಹಾಸ್ಟೆಲ್‌ಗಳಲ್ಲಿ ಇರುವುದು ಕಬ್ಬಿಣದ ತಟ್ಟೆಯ ವಿದ್ಯುತ್ ಒಲೆ, ಇಲ್ಲವೇ ಗಾಜಿನ ಮೇಲ್ಮೈಯ ಸೆರಾನ್ ಒಲೆ. ಗ್ಯಾಸಿನಲ್ಲಿ ಕಿವಿ ತಿರುಗಿಸಿದ ಕೂಡಲೇ ಉರಿ ಸಣ್ಣದಾಗುತ್ತದೆ. ಇಲ್ಲಿ ಗುಂಡಿ ತಿರುಗಿಸಿದ ಮೇಲೂ ತಟ್ಟೆ ಐದಾರು ನಿಮಿಷ ಹಾಗೇ ಕಾದಿರುತ್ತದೆ, ಮುದ್ದೆಯ ತಳ ಹಿಡಿಯುತ್ತದೆ. ಹಾಗಾಗಿ ಎರಡು ತಟ್ಟೆ ಬಳಸಿ. ಒಂದನ್ನು ಜೋರಾಗಿ, ಇನ್ನೊಂದನ್ನು ಸಣ್ಣಗೆ ಮೊದಲೇ ಕಾಯಿಸಿಟ್ಟುಕೊಳ್ಳಿ. ಎರಡು ಲೋಟ ನೀರಿಗೆ ಉಪ್ಪು ಹಾಕಿ, ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸುರಿದು, ಜೋರು ತಟ್ಟೆಯಲ್ಲಿ ಕುದಿಸಿ. ಕುದಿ ಬಂದಾಗ ಒಂದು ಲೋಟ ಹಿಟ್ಟನ್ನು ಗುಡ್ಡೆಯಾಗಿ ನಡುವೆ ಹಾಕಿ, ಕಲಕದೆ ಪಾತ್ರೆಯನ್ನು ಸಣ್ಣ ತಟ್ಟೆಗೆ ಸರಿಸಿ, ಮುಚ್ಚಿ ನಾಲ್ಕೈದು ನಿಮಿಷ ಬೇಯಲು ಬಿಡಿ. ಆಮೇಲೆ ಕೆಳಗಿಳಿಸಿ ಗಂಟಿಲ್ಲದಂತೆ ತಿರುವಿ. ಮುದ್ದೆ ಕೋಲು ಇಲ್ಲದಿದ್ದರೆ ಇಲ್ಲಿನ ಅಂಗಡಿಯ ದಪ್ಪ ಹಿಡಿಯ ಮರದ ಸೌಟನ್ನು ತಿರುಗಾಮುರುಗಾ ಹಿಡಿದು ಹಿಡಿಯಿಂದಲೇ ತಿರುವಬಹುದು. ಕುಕ್ಕರಿಗೂ ಇದೇ ನಿಯಮ: ಮೂರು ವಿಷಲ್ ಬೇಕಿದ್ದರೆ ಎರಡಕ್ಕೇ ಒಲೆ ಆರಿಸಿ, ಮೂರನೆಯದು ತಾನೇ ಬರುತ್ತದೆ. ಹೊಸ ಹಾಸ್ಟೆಲಿನಲ್ಲಿ ಇಂಡಕ್ಷನ್ ಒಲೆ ಇದ್ದರೆ ಊರಿನ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬಾರದು. ಹೊರಡುವ ಮೊದಲು ಕೇಳಿ ತಿಳಿದು, ಇಂಡಕ್ಷನ್ ತಳದ ಸ್ಟೀಲ್ ಕುಕ್ಕರ್ ಒಯ್ಯಿರಿ.

ಮೊಸರಿನ ಕೊರಗು ಇನ್ನೂ ದೊಡ್ಡದು. ಅಂಗಡಿಯ ಡಬ್ಬಿಯ ಮೇಲೆ 'ಮಿಲ್ಡ್' ಎಂದಿದ್ದರೆ ಅದಕ್ಕೆ ಬಳಸಿದ ಹೆಪ್ಪೇ ಬೇರೆ, ಹುಳಿ ಬರುವುದಿಲ್ಲ, ಮೊಸರನ್ನ ಸಪ್ಪೆಯಾಗುತ್ತದೆ. ಆ ಮಾತು ಇಲ್ಲದ, 3.5 ಶೇಕಡ ಕೊಬ್ಬಿನ ಸಾದಾ ಯೋಗರ್ಟ್ ಆರಿಸಿ. ಅದನ್ನೇ ಹೆಪ್ಪು ಮಾಡಿ ಮನೆಯಲ್ಲೂ ಹಾಕಬಹುದು. ಅರ್ಧ ಲೀಟರ್ ಹಾಲನ್ನು ಕಿರುಬೆರಳು ಅದ್ದಿದರೆ ಚೆನ್ನಾಗಿ ಬಿಸಿ ತಾಗಿ ಸುಡದಷ್ಟು, ಎಂದರೆ 43–45 ಡಿಗ್ರಿಗೆ ತನ್ನಿ. ಪೆಟ್ಟಿಗೆಯಲ್ಲಿ ಬರುವ, ಬಹಳ ದಿನ ಕೆಡದ ಎಚ್-ಮಿಲ್ಶ್ ಹಾಲಾದರೆ ಕುದಿಸುವ ಅಗತ್ಯವಿಲ್ಲ. ಒಂದು ಚಮಚ ಹೆಪ್ಪು ಕಲಸಿ. ಕಷ್ಟ ಬರುವುದು ಆಮೇಲೆ: ರೂಮು 20 ಡಿಗ್ರಿಯಲ್ಲಿರುತ್ತದೆ, ಎರಡು ಗಂಟೆಯಲ್ಲಿ ಹಾಲು ಆರಿ ಹೆಪ್ಪು ನಿಂತುಹೋಗುತ್ತದೆ. ಓವನ್ನನ್ನು 50 ಡಿಗ್ರಿಗೆ ಐದು ನಿಮಿಷ ಕಾಯಿಸಿ ಆರಿಸಿ, ಪಾತ್ರೆಯನ್ನು ಟವೆಲ್ ಸುತ್ತಿ ಒಳಗಿಟ್ಟು ಬಾಗಿಲು ಮುಚ್ಚಿ. ಓವನ್ ಇಲ್ಲದಿದ್ದರೆ ದಪ್ಪ ಬಟ್ಟೆ ಸುತ್ತಿ ಹೀಟರಿನ ಪಕ್ಕ ಇಡಿ. ಎಂಟು ಗಂಟೆಗೆ ಗಟ್ಟಿ ಮೊಸರು. ಹುಳಿ ಬೇಕಿದ್ದರೆ ಇನ್ನೂ ಮೂರು ನಾಲ್ಕು ಗಂಟೆ ಬಿಡಿ.

ತುಪ್ಪ, ಪೇಡ, ಹಾಲಿನ ಯಾವ ಪದಾರ್ಥವನ್ನೂ ಪ್ರಯಾಣಿಕರು ಹೊರಗಿನಿಂದ ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ, ಮಾಂಸವನ್ನೂ ತರುವಂತಿಲ್ಲ. ಹಸಿ ಕರಿಬೇವು, ಮಾವಿನಕಾಯಿಯಂಥವಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟದ್ದನ್ನು ವಿಮಾನ ನಿಲ್ದಾಣದಲ್ಲಿ ಕಸಕ್ಕೆ ಹಾಕುವುದು ಬೇಡ. ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ, ಬ್ಯಾಡಗಿ ಮೆಣಸಿನಕಾಯಿ ತನ್ನಿ. ತುಪ್ಪಕ್ಕೆ ಇಲ್ಲಿನ ಬೆಣ್ಣೆಯೇ ಸಾಕು. ಪೊಟ್ಟಣದ ಮೇಲೆ 'ಸೌವರ್‌ರಾಮ್' ಎಂದಿರುವ ಬೆಣ್ಣೆ ಹುಳಿ ಬರಿಸಿದ ಕೆನೆಯದ್ದು, ಕಾಯಿಸಿದರೆ ಮನೆ ತುಪ್ಪದ ಘಮ ಅದರಲ್ಲೇ ಬರುವುದು. 250 ಗ್ರಾಮಿಗೆ ಸುಮಾರು 200 ಗ್ರಾಂ ತುಪ್ಪ ಇಳಿಯುತ್ತದೆ. ಒಗ್ಗರಣೆ ಹಾಕುವಾಗ ಮಾತ್ರ ಎಚ್ಚರ. ಒಣಮೆಣಸಿನಕಾಯಿಯ ಘಾಟು ಕಾರಿಡಾರಿನ ಹೊಗೆ ಅಲಾರಂ ಹೊಡೆಸುತ್ತದೆ, ಇಡೀ ಕಟ್ಟಡ ಚಳಿಯಲ್ಲಿ ಹೊರಗೆ ನಿಲ್ಲಬೇಕಾಗುತ್ತದೆ, ಖರ್ಚೂ ನಿಮ್ಮ ತಲೆಗೆ ಬರಬಹುದು. ಕಿಟಕಿ ತೆರೆದು, ಕಾರಿಡಾರಿನ ಬಾಗಿಲು ಮುಚ್ಚಿ, ಎಣ್ಣೆ ಹೊಗೆಯಾಡುವ ಮೊದಲೇ ಸಾಸಿವೆ ಹಾಕಿ, ಮೆಣಸಿನಕಾಯಿ ಕೊನೆಗೆ. ಅಲಾರಮ್ಮಿಗೆ ಪ್ಲಾಸ್ಟಿಕ್ ಕಟ್ಟುವ ಉಪಾಯ ಹೇಳುವವರ ಮಾತು ಕೇಳಬೇಡಿ.

ಸಾಮಾನು ತರುವುದು ಶನಿವಾರವೇ. ಭಾನುವಾರ ಅಂಗಡಿ ತೆರೆಯುವುದಿಲ್ಲ, ರೈಲು ನಿಲ್ದಾಣದ ಒಂದೆರಡು ಬಿಟ್ಟರೆ. ಪಾನೀಯದ, ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿ, ತಗಡಿನ ಡಬ್ಬಿಗಳನ್ನು ಎಸೆಯದೆ ಅಂಗಡಿಯ ಯಂತ್ರಕ್ಕೆ ಹಾಕಿದರೆ ಒಂದಕ್ಕೆ 25 ಸೆಂಟ್ ವಾಪಸ್. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮತ್ತು ಭಾನುವಾರ ಪೂರ್ತಿ ಸದ್ದು ಮಾಡುವಂತಿಲ್ಲ. ಖಾಸಗಿ ಮನೆಯಲ್ಲಿ ಬಾಡಿಗೆಗಿದ್ದರೆ ಸ್ಟುಟ್‌ಗಾರ್ಟ್‌ನ ಕೇರ್‌ವೋಖೆ ಗೊತ್ತಿರಲಿ: ಬಾಗಿಲಿಗೆ ಫಲಕ ನೇತುಬಿದ್ದ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಿಮ್ಮದು. ಇದನ್ನು ಚೆನ್ನಾಗಿ ಮಾಡಿದವರನ್ನು ಕಟ್ಟಡದ ಮುದುಕಿಯರು ತಾವಾಗಿ ಮಾತಾಡಿಸುತ್ತಾರೆ. ಬಟ್ಟೆಯನ್ನು ರೂಮಿನಲ್ಲೇ ಒಣಗಿಸಿ ಕಿಟಕಿ ಮುಚ್ಚಿಟ್ಟರೆ ಗೋಡೆಗೆ ಬೂಷ್ಟು ಬರುತ್ತದೆ. ದಿನಕ್ಕೆ ಎರಡು ಮೂರು ಸಲ ಹೀಟರ್ ಆರಿಸಿ ಕಿಟಕಿಯನ್ನು ಪೂರ್ತಿ ತೆರೆದು ಐದು ಹತ್ತು ನಿಮಿಷ ಗಾಳಿಯಾಡಿಸಿ.

ದುಡ್ಡಿನ ವಿಷಯದಲ್ಲಿ ಚಿಕ್ಕದಾಗಿ ಹೇಳುವುದಾದರೆ: 992ರಲ್ಲಿ ಹಾಸ್ಟೆಲ್ ಬಾಡಿಗೆ 300ರಿಂದ 450ರ ಆಸುಪಾಸು, ಮೂವತ್ತರೊಳಗಿನವರಿಗೆ ಸರ್ಕಾರಿ ವಿಮೆ 140–150, ಅಡುಗೆ ಸಾಮಾನು 200. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಒಕ್ಕೂಟದ ಹೊರಗಿನವರು ಸೆಮಿಸ್ಟರಿಗೆ 1,500 ಯೂರೋ ಶುಲ್ಕವನ್ನೂ ಕಟ್ಟಬೇಕು. ಇದನ್ನು ಆ 992ರಿಂದ ಕೂಡಿಡಲಾಗದು, ಬೇರೆಯೇ ತೆಗೆದಿಡಿ. ಒಂದು ಕಾಫಿಗೂ ರೂಪಾಯಿ ಲೆಕ್ಕ ಹಾಕುತ್ತಾ ಕೂತವರು ಗೆಳೆಯರ ಜೊತೆ ಹೊರಗೆ ಹೋಗುವುದನ್ನೇ ಬಿಡುತ್ತಾರೆ. ವಾರಕ್ಕೆ ಹತ್ತು ಯೂರೋ ಜನರ ಜೊತೆ ಕಳೆಯಲೆಂದೇ ಇಟ್ಟುಕೊಳ್ಳಿ. ಅದು ದುಂದುವೆಚ್ಚವಲ್ಲ.

ಓದಿನ ಮೇಲೆ ಇದೆಲ್ಲದರ ಪರಿಣಾಮ ತಡವಾಗಿ ಕಾಣುತ್ತದೆ, ಅಪಾಯ ಇರುವುದೇ ಅಲ್ಲಿ. ಇಲ್ಲಿ ಇಂಟರ್ನಲ್ಸ್ ಇಲ್ಲ, ಬಹುತೇಕ ವಿಷಯಗಳಿಗೆ ಹಾಜರಾತಿ ಇಲ್ಲ. ಅಕ್ಟೋಬರ್ ಮಧ್ಯದಿಂದ ಫೆಬ್ರವರಿವರೆಗೆ ಯಾರೂ ಏನೂ ಕೇಳುವುದಿಲ್ಲ. ಆಮೇಲೆ ಒಂದೇ ಪರೀಕ್ಷೆ, ಅಂಕವೆಲ್ಲ ಅದರ ಮೇಲೆ. 1.0 ಅತ್ಯುತ್ತಮ, 4.0 ಪಾಸು, 5.0 ಫೇಲು, ಎಷ್ಟು ಸಲ ಮತ್ತೆ ಬರೆಯಬಹುದು ಎಂಬುದಕ್ಕೆ ಮಿತಿ ಇದೆ. ಪರೀಕ್ಷೆಗೆ ಪೋರ್ಟಲ್‌ನಲ್ಲಿ ಗೊತ್ತಾದ ದಿನಗಳೊಳಗೆ ಪ್ರತ್ಯೇಕವಾಗಿ ಹೆಸರು ನೋಂದಾಯಿಸಬೇಕು. ಕ್ಲಾಸಿಗೆ ಹೋಗಿದ್ದೇನಲ್ಲ ಎಂದುಕೊಂಡು ಬಿಟ್ಟರೆ ಪರೀಕ್ಷೆ ಬರೆಯುವಂತಿಲ್ಲ. ನವೆಂಬರ್‌ನಲ್ಲಿ ಮನಸ್ಸು ಸರಿಯಿಲ್ಲದೆ ಮೂರು ವಾರ ಕ್ಲಾಸ್ ತಪ್ಪಿಸಿದವರಿಗೆ ಅದರ ಬಿಸಿ ತಟ್ಟುವುದು ಫೆಬ್ರವರಿಯಲ್ಲಿ. ಊಬುಂಗ್ ಎನ್ನುವ ಲೆಕ್ಕ ಬಿಡಿಸುವ ತರಗತಿಯನ್ನಂತೂ ತಪ್ಪಿಸಲೇಬೇಡಿ. ಪರೀಕ್ಷೆಯ ಪ್ರಶ್ನೆಗಳ ಸ್ವರೂಪ ತಿಳಿಯುವುದು ಅಲ್ಲೇ, ಪಕ್ಕದಲ್ಲಿ ಕೂತವರ ಪರಿಚಯವಾಗುವುದೂ ಅಲ್ಲೇ.

ಪರಿಚಯದ ಮಾತು ಬಂತು. ಜರ್ಮನ್ನರು ಮಾತಾಡಿಸುವುದಿಲ್ಲ ಎಂಬ ದೂರು ಅರ್ಧ ಸತ್ಯ. ಬಸ್ಸಿನಲ್ಲಿ, ಕಾರಿಡಾರಿನಲ್ಲಿ ಮಾತಿಗಿಳಿಯುವ ರೂಢಿ ಇಲ್ಲಿಲ್ಲ. ಕೆಲಸವೊಂದನ್ನು ಕೂಡಿ ಮಾಡುವ ಕಡೆ, ಕ್ರೀಡೆ, ವಾದ್ಯವೃಂದ, ಪರ್ವತಾರೋಹಣದ ಸಂಘ, ಇಬ್ಬರು ಒಬ್ಬರಿಗೊಬ್ಬರು ತಮ್ಮ ಭಾಷೆ ಕಲಿಸುವ ಟ್ಯಾಂಡೆಮ್, ಇಲ್ಲೆಲ್ಲ ವಾರವಾರ ಅದೇ ಮುಖ ಕಂಡರೆ ಎರಡು ಮೂರು ತಿಂಗಳಿಗೆ ಸ್ನೇಹವಾಗುತ್ತದೆ. ವಾರಕ್ಕೆ ಕೆಲವು ಗಂಟೆ ಪಾರ್ಟ್‌ಟೈಂ ಕೆಲಸವೂ ಒಳ್ಳೆಯದೇ, ಯಾಕೆಂದರೆ ನೀವು ಬರದಿದ್ದರೆ ಅಲ್ಲಿ ಯಾರಾದರೂ ವಿಚಾರಿಸುತ್ತಾರೆ. ಆದರೆ ಮೊದಲ ಸೆಮಿಸ್ಟರಿನಲ್ಲಿ ವಾರಕ್ಕೆ ಹತ್ತು ಗಂಟೆ ಮೀರದಿರಲಿ. ಕನ್ನಡದವರ ಜೊತೆಯೂ ಬೇಕು, ಅದಕ್ಕೆ ಸಂಕೋಚ ಪಡಬೇಕಿಲ್ಲ. ನವೆಂಬರ್ 1 ಈ ರಾಜ್ಯದಲ್ಲಿ ಸಂತರ ಹಬ್ಬದ ಸಾರ್ವಜನಿಕ ರಜೆ, ನಮ್ಮ ರಾಜ್ಯೋತ್ಸವದ ದಿನವೇ. ಎಲ್ಲರೂ ಬಿಡುವಾಗಿರುತ್ತಾರೆ, ಅಂಗಡಿ ಮುಚ್ಚಿರುತ್ತದೆ. ಹಿಂದಿನ ದಿನ ಸಾಮಾನು ತಂದಿಟ್ಟು ಹಾಸ್ಟೆಲಿನ ಅಡುಗೆಮನೆಯಲ್ಲಿ ಬಿಸಿಬೇಳೆಭಾತ್ ಮಾಡಿ ಪಕ್ಕದ ರೂಮಿನ ಚೀನೀ, ಇರಾನಿ ಹುಡುಗರನ್ನೂ ಕರೆಯಬಹುದು. ದೀಪಾವಳಿಗೆ ಹಣತೆ ಹಚ್ಚುವ ಮುಂಚೆ ಹಾಸ್ಟೆಲಿನ ನಿಯಮ ನೋಡಿ, ರೂಮಿನಲ್ಲಿ ಬೆಂಕಿ ಹಚ್ಚಲು ಹಲವು ಕಡೆ ಬಿಡುವುದಿಲ್ಲ.

ವರ್ಷದ ಅತಿ ಕಷ್ಟದ ಎರಡು ವಾರ ಡಿಸೆಂಬರ್ 24ರಿಂದ ಜನವರಿ 6. ಜರ್ಮನ್ ಹುಡುಗರೆಲ್ಲ ಮನೆಗೆ ಹೋಗಿರುತ್ತಾರೆ. ಕಾರಿಡಾರ್ ಖಾಲಿ, ಮೆನ್ಸಾ ಮುಚ್ಚಿರುತ್ತದೆ, 25, 26, ಜನವರಿ 1, 6 ಅಂಗಡಿಯೂ ಇಲ್ಲ. ಇದನ್ನು ಹೇಗೋ ಕಳೆದರಾಯಿತು ಎಂದು ಬಿಡಬೇಡಿ. ಡಿಸೆಂಬರ್ ಮೊದಲ ವಾರದಲ್ಲೇ ಹಾಸ್ಟೆಲಿನಲ್ಲಿ ಯಾರ್ಯಾರು ಉಳಿಯುತ್ತಾರೆ ಎಂದು ಕೇಳಿ, ಸರದಿಯ ಮೇಲೆ ರಾತ್ರಿ ಅಡುಗೆ ಎಂದು ಗೊತ್ತುಮಾಡಿ. ಹಗಲು ಲೋಕಲ್ ರೈಲಿನಲ್ಲಿ ಹತ್ತಿರದ ಊರುಗಳಿಗೆ ಹೋಗಿಬನ್ನಿ. ಎಸ್-ಬಾನ್ ಹತ್ತಿದರೆ ಸ್ಟುಟ್‌ಗಾರ್ಟ್ ಮುಖ್ಯ ನಿಲ್ದಾಣದಿಂದ ಕಾಲು ಗಂಟೆಯ ದಾರಿ ಎಸ್ಲಿಂಗೆನ್. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ತೀರಿಕೊಂಡದ್ದು ಆ ಊರಿನಲ್ಲಿ, 1881ರಲ್ಲಿ. ಟ್ಯೂಬಿಂಗೆನ್‌ಗೆ ರೈಲಿನಲ್ಲಿ ಒಂದು ಗಂಟೆ. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ ಕಿಟ್ಟೆಲ್ ಕೊನೆಗಾಲ ಕಳೆದದ್ದು ಅಲ್ಲಿ. ಹಡಗು ಹತ್ತಿ ಹೋಗಿ, ದಶಕಗಟ್ಟಲೆ ಮನೆಯಿಂದ ದೂರ ಉಳಿದು ನಮ್ಮ ಭಾಷೆ ಕಲಿತವರು ಕೊನೆಯುಸಿರೆಳೆದ ಊರುಗಳಿವು. ಕನ್ನಡದ ವಿದ್ಯಾರ್ಥಿ ಆ ಬೀದಿಗಳಲ್ಲಿ ಒಮ್ಮೆ ನಡೆಯಲೇಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಇಷ್ಟು ಮಾಡಿದರೂ ಎರಡು ವಾರ ದಾಟಿ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಸ್ನಾನಕ್ಕೂ ಏಳಲು ಮನಸ್ಸಾಗದಿದ್ದರೆ, ಅದನ್ನು ಮನೆ ನೆನಪು ಎಂದು ತಳ್ಳಿಹಾಕಬೇಡಿ. ಹಾಸ್ಟೆಲ್, ಮೆನ್ಸಾ ನಡೆಸುವ ಸ್ಟುಡೀರೆಂಡನ್‌ವೆರ್ಕ್ ಸಂಸ್ಥೆಯಲ್ಲಿ ವಿದ್ಯಾರ್ಥಿಗಳಿಗೆ ಮಾನಸಿಕ ಸಲಹಾ ಕೇಂದ್ರವಿದೆ, ಉಚಿತ, ವಿಷಯ ಹೊರಗೆ ಹೋಗುವುದಿಲ್ಲ, ಮಾರ್ಕ್ಸ್ ಕಾರ್ಡಿನಲ್ಲಾಗಲಿ ವೀಸಾದಲ್ಲಾಗಲಿ ಇದರ ಸುಳಿವು ಇರುವುದಿಲ್ಲ. ಇಂಗ್ಲಿಷಿನಲ್ಲಿ ಮಾತಾಡಬಹುದೇ ಎಂದು ಇಮೇಲಿನಲ್ಲೇ ಕೇಳಿ. ಸರದಿ ಇರುತ್ತದೆ, ಆದ್ದರಿಂದ ತೀರಾ ಕೆಡುವವರೆಗೆ ಕಾಯದೆ ಬರೆಯಿರಿ. ಸರ್ಕಾರಿ ವಿಮೆಯಲ್ಲಿ ಮನೋಚಿಕಿತ್ಸೆಯೂ ಸೇರಿದೆ. 116117ಕ್ಕೆ ಕರೆ ಮಾಡಿ ಮೊದಲ ಭೇಟಿಗೆ ಸಮಯ ಕೇಳಬಹುದು. ಮನಸ್ಸಿನ ಸಂಕಟ ಹೇಳಿಕೊಳ್ಳುವ ಸಹಾಯವಾಣಿ ಟೆಲಿಫೋನ್‌ಸೇಲ್‌ಸೋರ್ಗೆ 0800 1110111 ಹಗಲು ರಾತ್ರಿ ಉಚಿತ, ಹೆಚ್ಚಾಗಿ ಜರ್ಮನ್‌ನಲ್ಲಿ. ಜೀವಕ್ಕೆ ಅಪಾಯ ಎನಿಸಿದರೆ 112. ಪರೀಕ್ಷೆಯ ದಿನ ಕಾಯಿಲೆ ಬಿದ್ದರೆ ಅದೇ ದಿನ ವೈದ್ಯರ ಪತ್ರ ತೆಗೆದುಕೊಂಡು ಪರೀಕ್ಷಾ ಕಚೇರಿಗೆ ಕಳಿಸಿ. ನಾಳೆ ಕೊಟ್ಟರಾಯಿತು ಎಂದರೆ ಫೇಲು ಎಂದೇ ದಾಖಲಾಗಬಹುದು.

ಮೊದಲ ಸಲ ಊರಿಗೆ ಹೋಗುವುದು ಯಾವಾಗ ಎಂದು ಎಲ್ಲರೂ ಕೇಳುತ್ತಾರೆ. ಡಿಸೆಂಬರ್ ಬೇಡ: ಟಿಕೆಟ್ ದುಬಾರಿ, ರಜೆ ಎರಡೇ ವಾರ, ಮುಂದೆ ಪರೀಕ್ಷೆ. ಪರೀಕ್ಷೆಗಳು ಮುಗಿದ ಮೇಲೆ ಮಾರ್ಚ್–ಏಪ್ರಿಲ್‌ನಲ್ಲಿ ಹೋದರೆ ಬೇಸಿಗೆ ಸೆಮಿಸ್ಟರಿನ ತರಗತಿಗಳು ಏಪ್ರಿಲ್ ಮಧ್ಯಕ್ಕೆ ಶುರುವಾಗುವವರೆಗೆ ಬಿಡುವು ಇರುತ್ತದೆ. ಪರೀಕ್ಷೆಯ ವೇಳಾಪಟ್ಟಿ ಬಿಟ್ಟುಕೊಟ್ಟರೆ ಯುಗಾದಿಯನ್ನೂ ಮನೆಯಲ್ಲಿ ಮಾಡಬಹುದು. ಕೊನೆಯ ಪರೀಕ್ಷೆಯ ದಿನಾಂಕ ಖಚಿತವಾಗುವ ಮೊದಲು ಟಿಕೆಟ್ ತೆಗೆಯಬೇಡಿ. ತರಗತಿ ಶುರುವಾಗುವುದಕ್ಕೆ ಒಂದು ವಾರ ಮುಂಚೆ ವಾಪಸ್ ಬನ್ನಿ, ಯಾಕೆಂದರೆ ಎರಡನೇ ಸಲ ಬಂದಿಳಿದ ಮೊದಲ ವಾರದ ಮನೆ ನೆನಪು ನವೆಂಬರಿನದಕ್ಕಿಂತ ಜೋರಾಗಿರುತ್ತದೆ, ಈ ಬಾರಿ ಓಡಾಡಲು ಕಾಗದಪತ್ರದ ಕೆಲಸವೂ ಇರುವುದಿಲ್ಲ. ಹೊರಡುವ ಮುನ್ನ ಕಪಾಟಿನಲ್ಲಿ ಅಕ್ಕಿ, ಬೇಳೆ, ಸಾರಿನ ಪುಡಿ, ಒಂದು ಪೆಟ್ಟಿಗೆ ಎಚ್-ಮಿಲ್ಶ್ ಇಟ್ಟು ಹೋಗಿ. ವಿಮಾನ ಶನಿವಾರ ರಾತ್ರಿ ಇಳಿದರೆ ಭಾನುವಾರ ಕೊಳ್ಳಲು ಏನೂ ಸಿಗುವುದಿಲ್ಲ.